ಸರ್ವಾಧಿಕಾರದ ವಿರುದ್ಧ ನಿಲ್ಲುವ ಅಂತಾರಾಷ್ಟ್ರೀಯ ಮಾನವ ಹಕ್ಕುಗಳ ವಕೀಲರು ನಿಜಕ್ಕೂ ಮಾಡುವ ಕೆಲಸವೇನು?

ಪ್ರಶ್ನೆ

ನಾನು ಕಾನೂನು ಪದವಿಯ ಕೊನೆಯ ವರ್ಷದ ವಿದ್ಯಾರ್ಥಿ. ಅಂತಾರಾಷ್ಟ್ರೀಯ ಮಾನವ ಹಕ್ಕುಗಳ ವಕೀಲಿಕೆಯನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂಬ ಆಸೆ ಎರಡು ವರ್ಷಗಳಿಂದ ಮನಸ್ಸಿನಲ್ಲಿ ಬೇರೂರಿದೆ. ಸೋವಿಯತ್ ಸೆರೆಯಲ್ಲಿದ್ದ ನತಾನ್ ಶರಾನ್ಸ್ಕಿಯವರ ಪರ ನಿಂತ ಕೆನಡಾದ ಅರ್ವಿನ್ ಕಾಟ್ಲರ್, ಚಾಡ್ ದೇಶದ ಮಾಜಿ ಸರ್ವಾಧಿಕಾರಿಯ ಬೆನ್ನು ಬಿದ್ದ ಅಮೆರಿಕದ ರೀಡ್ ಬ್ರಾಡಿ ಮುಂತಾದವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಓದಿದ್ದರಲ್ಲಿ ಬಂಧನದ ದಿನಾಂಕ ಇರುತ್ತದೆ, ಬಿಡುಗಡೆಯ ದಿನಾಂಕ ಇರುತ್ತದೆ. ಅವೆರಡರ ನಡುವಿನ ಐದು, ಹತ್ತು, ಇಪ್ಪತ್ತು ವರ್ಷಗಳಲ್ಲಿ ವಕೀಲರು ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರು ಎಂಬುದು ಮಾತ್ರ ಎಲ್ಲಿಯೂ ಸಿಗುವುದಿಲ್ಲ.

ನ್ಯಾಯಾಲಯಗಳನ್ನೇ ಮುಷ್ಟಿಯಲ್ಲಿಟ್ಟುಕೊಂಡ ಸರ್ಕಾರದ ವಿರುದ್ಧ ಹೊರದೇಶದ ವಕೀಲರು ಯಾರ ಮುಂದೆ ನಿಂತು ವಾದಿಸುತ್ತಾರೆ? ಚೀನಾದ ಲೇಖಕ ಲಿಯು ಷಿಯಾವ್‌ಬೊ ಅವರ ಬಂಧನ ಅಕ್ರಮವೆಂದು ವಿಶ್ವಸಂಸ್ಥೆಯ ತಜ್ಞರ ತಂಡ 2011ರಲ್ಲಿಯೇ ಹೇಳಿತ್ತು. ಆದರೂ ಅವರು ಬಿಡುಗಡೆಯಾಗದೆ, 2017ರ ಜುಲೈ 13ರಂದು ಕಾವಲಿನಲ್ಲಿದ್ದಾಗಲೇ ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡರು. ಹಾಗಾದರೆ ಇದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುವುದಿಲ್ಲವೇ? ಈ ಕ್ಷೇತ್ರವನ್ನು ಹತ್ತಿರದಿಂದ ಕಂಡವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ಇಂಥ ಅರ್ಜಿಗಳನ್ನು ಸಿದ್ಧಪಡಿಸುವ ತಂಡವೊಂದರಲ್ಲಿ ನಾನು ಕೆಲವು ವರ್ಷ ದುಡಿದಿದ್ದೇನೆ. ಕೆಲಸದ ಒಳಗಿನಿಂದ ಕಂಡದ್ದನ್ನು ಹೇಳುತ್ತೇನೆ.

ಯಾರ ಮುಂದೆ ವಾದಿಸುತ್ತಾರೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ ಅಡಿಯಲ್ಲಿ ಮಾನವ ಹಕ್ಕುಗಳ ಸಮಿತಿಯೊಂದಿದೆ. ಅಲ್ಲಿಗೆ ವ್ಯಕ್ತಿಯೊಬ್ಬರು ದೂರು ಕೊಂಡೊಯ್ಯಬೇಕಾದರೆ ಅವರ ದೇಶ ಅದಕ್ಕೆಂದೇ ಇರುವ ಪ್ರತ್ಯೇಕ ಪೂರಕ ಒಪ್ಪಂದಕ್ಕೆ ಒಪ್ಪಿರಬೇಕು ಮತ್ತು ಸ್ವದೇಶದ ನ್ಯಾಯಾಲಯಗಳ ಮೆಟ್ಟಿಲುಗಳನ್ನೆಲ್ಲ ಮೊದಲು ಹತ್ತಿ ಮುಗಿಸಿರಬೇಕು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಬಾಗಿಲು ರಷ್ಯಾದವರಿಗೆ ದಶಕಗಳ ಕಾಲ ತೆರೆದಿತ್ತು; 2022ರ ಸೆಪ್ಟೆಂಬರ್ 16ರಿಂದ ರಷ್ಯಾ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯಲ್ಲಿ ಪಕ್ಷಕಾರನಾಗಿ ಉಳಿಯಲಿಲ್ಲ. ನೀವು ಹೆಸರಿಸಿದ ತಜ್ಞರ ತಂಡವನ್ನು, ಅಂದರೆ ನಿರಂಕುಶ ಬಂಧನಗಳ ಕುರಿತ ಕಾರ್ಯಕಾರಿ ತಂಡವನ್ನು, ವಿಶ್ವಸಂಸ್ಥೆ 1991ರಲ್ಲಿ ರಚಿಸಿತು. ಅದರಲ್ಲಿ ಐವರು ಸ್ವತಂತ್ರ ಸದಸ್ಯರಿದ್ದಾರೆ. ಸ್ಥಳೀಯ ನ್ಯಾಯಾಲಯಗಳನ್ನು ಮೊದಲು ಸುತ್ತಿ ಬನ್ನಿ ಎಂದು ಅದು ಹೇಳುವುದಿಲ್ಲ. ಯಾವ ದೇಶದ ಬಂದಿಯ ಪರವಾಗಿಯೂ ಅರ್ಜಿ ಸ್ವೀಕರಿಸುತ್ತದೆ. ಸರ್ಕಾರಕ್ಕೆ ಉತ್ತರಿಸಲು 60 ದಿನ ಕೊಡುತ್ತದೆ, ಆಮೇಲೆ ಬರಹದಲ್ಲಿ ಅಭಿಪ್ರಾಯ ಪ್ರಕಟಿಸುತ್ತದೆ. ಅಲ್ಲಿ ಕಟಕಟೆಯೂ ಇಲ್ಲ, ಕರಿಕೋಟೂ ಇಲ್ಲ, ಪಾಟೀಸವಾಲೂ ಇಲ್ಲ. ಎಲ್ಲವೂ ಕಾಗದದ ಮೇಲೆಯೇ.

ಆದ್ದರಿಂದ ಈ ವೃತ್ತಿಯ ಬಹುಪಾಲು ದಿನಗಳು ಭಾಷಣದಲ್ಲಿ ಕಳೆಯುವುದಿಲ್ಲ, ಗಂಟೆ ಮತ್ತು ದಿನಾಂಕಗಳನ್ನು ಖಚಿತಪಡಿಸಿಕೊಳ್ಳುವುದರಲ್ಲಿ ಕಳೆಯುತ್ತವೆ. ಬಂಧಿಸಲು ಬಂದವರು ವಾರಂಟ್ ತೋರಿಸಿದರೇ, ಮನೆಯವರಿಗೆ ಯಾವ ದಿನ ತಿಳಿಸಿದರು, ವಕೀಲರ ಮೊದಲ ಭೇಟಿ ಯಾವಾಗ, ಆ ಭೇಟಿಯಲ್ಲಿ ಪೊಲೀಸರು ಕೋಣೆಯೊಳಗೆ ಇದ್ದರೇ ಎಂಬ ಪ್ರಶ್ನೆಗಳನ್ನು ಹತ್ತಾರು ಬಾರಿ ಕೇಳಬೇಕಾಗುತ್ತದೆ. ಒಂದು ಪ್ರಕರಣ ನನಗೆ ಈಗಲೂ ನೆನಪಿದೆ. ಬಂಧನ ಆದದ್ದು ಬುಧವಾರವೆಂದು ಅಧಿಕಾರಿಗಳ ದಾಖಲೆ ಹೇಳುತ್ತಿತ್ತು. ಸೋಮವಾರವೆಂದು ಪತ್ನಿ ಹೇಳುತ್ತಿದ್ದರು, ಆದರೆ ಅದಕ್ಕೆ ಆಧಾರವಿರಲಿಲ್ಲ. ಮೂರನೆಯ ಸಲ ಮಾತನಾಡುವಾಗ ಆಕೆ, ಅವರು ಬಾಗಿಲು ತಟ್ಟಿದಾಗ ತಾನು ಮಗಳ ಶಾಲೆಯ ಬೂಟಿನ ಲೇಸು ಕಟ್ಟುತ್ತಿದ್ದೆ, ಅಂದು ಮಗಳು ಶಾಲೆಗೆ ಹೋಗಲೇ ಇಲ್ಲ ಎಂದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಸೋಮವಾರದ ಅಂಕಣದಲ್ಲಿ ಆ ಮಗುವಿನ ಹೆಸರಿನ ಮುಂದೆ ಗೈರುಹಾಜರಿಯ ಗುರುತಿತ್ತು. ಬಂಧಿತರನ್ನು ನ್ಯಾಯಾಧೀಶರ ಮುಂದೆ ತರಲು ಸಾಮಾನ್ಯವಾಗಿ 48 ಗಂಟೆ ಸಾಕು ಎಂಬುದು ಮಾನವ ಹಕ್ಕುಗಳ ಸಮಿತಿಯ ನಿಲುವು. ಆ ಎರಡು ದಿನಗಳನ್ನು ಅಧಿಕಾರಿಗಳು ದಾಖಲೆಯಿಂದ ಏಕೆ ಅಳಿಸಿದ್ದರು ಎಂಬುದು ನಮಗೆ ಆಗ ಅರ್ಥವಾಯಿತು.

ಕಾಟ್ಲರ್ ಅವರ ವಿಧಾನದಲ್ಲಿ ಕಲಿಯಬೇಕಾದ ಪಾಠ ಇನ್ನೊಂದಿದೆ. ಶರಾನ್ಸ್ಕಿಯವರ ಪ್ರಕರಣದಲ್ಲಿ ಅವರು ಸೋವಿಯತ್ ಒಕ್ಕೂಟ ತನ್ನದೇ ಕಾನೂನುಗಳನ್ನು ಹೇಗೆ ಮುರಿದಿದೆ ಎಂದು ಆ ಕಾನೂನುಗಳ ಮಾತಿನಲ್ಲಿಯೇ ತೋರಿಸಿದರು. ಹೊರಗಿನವರು ಬೋಧನೆ ಮಾಡುತ್ತಿದ್ದಾರೆ ಎಂದು ದೂರುವುದು ಸರ್ವಾಧಿಕಾರಿಗಳಿಗೆ ಬಲು ಸುಲಭ. ತಾವೇ ಬರೆದ ಸಂವಿಧಾನವನ್ನು ಹೊರಗಿನದೆಂದು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. 1977ರಲ್ಲಿ ಬಂಧಿತರಾದ ಶರಾನ್ಸ್ಕಿ 1986ರ ಫೆಬ್ರವರಿ 11ರಂದು ಬರ್ಲಿನ್ನಿನ ಗ್ಲೀನಿಕೆ ಸೇತುವೆಯನ್ನು ದಾಟಿ ಹೊರಬಂದರು. ಅದು ಬಂದಿಗಳ ವಿನಿಮಯದ ಫಲ, ತೀರ್ಪಿನ ಫಲವಲ್ಲ. ಆದರೆ ವಿನಿಮಯದ ಪಟ್ಟಿಯಲ್ಲಿ ಒಬ್ಬರ ಹೆಸರು ಇರಬೇಕಾದರೆ ಒಂಬತ್ತು ವರ್ಷ ಆ ಹೆಸರನ್ನು ಮರೆಯಲು ಬಿಡದ ಕೆಲವರು ಇರಲೇಬೇಕು.

ಲಿಯು ಅವರ ವಿಷಯದಲ್ಲಿ ನಿಮ್ಮ ನೋವು ಸರಿಯಾದದ್ದೇ, ಅದನ್ನು ಮಾತಿನಿಂದ ತೇಲಿಸಲಾರೆ. 11 ವರ್ಷದ ಶಿಕ್ಷೆಯನ್ನು ಬರೆದ 2009ರ ತೀರ್ಪೊಂದೇ ಅವರ ಬಗೆಗಿನ ಅಧಿಕೃತ ದಾಖಲೆಯಾಗಿ ಉಳಿಯದಂತೆ ವಕೀಲರು ನೋಡಿಕೊಂಡರು. ಮನುಷ್ಯನನ್ನು ಉಳಿಸಿಕೊಳ್ಳಲು ಅವರಿಂದ ಆಗಲಿಲ್ಲ.

ಉತ್ತರ 2

ಮೇಲಿನವರು ಸೆರೆಯಾಳುಗಳ ಬಿಡುಗಡೆಯ ಬಗ್ಗೆ ಬರೆದಿದ್ದಾರೆ. ಸೆರೆಗೆ ಹಾಕಿಸಿದವನನ್ನೇ ಕಟಕಟೆಗೆ ತರುವುದು ಈ ವೃತ್ತಿಯ ಇನ್ನೊಂದು ಮುಖ. ನೀವು ಬ್ರಾಡಿಯವರನ್ನು ಹೆಸರಿಸಿದ್ದರಿಂದ ಹಿಸೆನ್ ಹಬ್ರೆಯ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಡುವಿನ ವರ್ಷಗಳಲ್ಲಿ ಏನಾಗುತ್ತದೆ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಹಬ್ರೆ 1982ರಿಂದ 1990ರವರೆಗೆ ಚಾಡ್ ದೇಶವನ್ನು ಆಳಿದ. ಲಿಬಿಯಾದ ಗಡಾಫಿಗೆ ಎದುರಾಳಿಯೆಂಬ ಕಾರಣಕ್ಕೆ ಅಮೆರಿಕ ಮತ್ತು ಫ್ರಾನ್ಸ್ ಅವನ ಬೆನ್ನಿಗಿದ್ದವು. ರಾಜಧಾನಿ ಎನ್‌ಜಮೇನಾದಲ್ಲಿ ವಸಾಹತು ಕಾಲದ ಈಜುಕೊಳವೊಂದಕ್ಕೆ ಮೇಲೆ ಕಾಂಕ್ರೀಟು ಹೊದಿಸಿ, ಒಳಗೆ ಕೋಣೆಗಳನ್ನು ಕಟ್ಟಿ, ಅವನ ರಹಸ್ಯ ಪೊಲೀಸರು ನೆಲದಡಿಯ ಸೆರೆಮನೆ ಮಾಡಿದ್ದರು. ಆ ಆಡಳಿತದಲ್ಲಿ ಸತ್ತವರು 40,000 ಮಂದಿ ಇರಬಹುದೆಂದು ಚಾಡ್‌ನ ಸತ್ಯಶೋಧನಾ ಆಯೋಗ 1992ರಲ್ಲಿ ಅಂದಾಜು ಮಾಡಿತು. ಅಷ್ಟರಲ್ಲಿ ಹಬ್ರೆ ಪದಚ್ಯುತನಾಗಿ ಸೆನೆಗಲ್‌ಗೆ ಓಡಿಹೋಗಿ ಡಕಾರ್ ನಗರದಲ್ಲಿ ನೆಮ್ಮದಿಯಾಗಿ ನೆಲೆಸಿದ್ದ.

ಈ ಪ್ರಕರಣ ಹುಟ್ಟಿದ್ದು ವಕೀಲರಿಂದಲ್ಲ. ಸುಲೇಮಾನ್ ಗೆಂಗೆಂಗ್ ಎಂಬ ಲೆಕ್ಕಿಗರೊಬ್ಬರು ಆ ಸೆರೆಮನೆಗಳಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಇದ್ದು, ಜೀವಂತ ಹೊರಬಂದರೆ ನ್ಯಾಯಕ್ಕಾಗಿ ಹೋರಾಡುತ್ತೇನೆಂದು ಅಲ್ಲಿಯೇ ಶಪಥ ಮಾಡಿದ್ದರು. ಹೊರಬಂದ ಮೇಲೆ ಅವರೂ ಅವರ ಜೊತೆಗಾರರೂ 792 ಸಂತ್ರಸ್ತರ ಹೇಳಿಕೆಗಳನ್ನು ಬರೆದಿಟ್ಟುಕೊಂಡರು. ಹೊಸ ಸರ್ಕಾರದಲ್ಲಿಯೂ ಹಳೆಯ ಅಧಿಕಾರಿಗಳೇ ಕುಳಿತಿದ್ದರಿಂದ ಆ ಕಾಗದಗಳನ್ನು ವರ್ಷಗಟ್ಟಲೆ ಮನೆಯಲ್ಲಿಯೇ ಬಚ್ಚಿಡಬೇಕಾಯಿತು. 1998ರ ಅಕ್ಟೋಬರಿನಲ್ಲಿ ಚಿಲಿಯ ಪಿನೊಚೆ ಲಂಡನ್ನಿನಲ್ಲಿ ಬಂಧಿತನಾದಾಗ, ಮಾಜಿ ಸರ್ವಾಧಿಕಾರಿಯನ್ನು ಪರದೇಶದಲ್ಲಿಯೂ ಹಿಡಿಯಬಹುದೆಂದು ಜಗತ್ತಿಗೆ ತಿಳಿಯಿತು. ಗೆಂಗೆಂಗ್ ಅವರ ಕಾಗದಗಳು ಹೊರಬರುವ ಕಾಲ ಬಂದದ್ದು ಆಗ.

2000ದ ಫೆಬ್ರವರಿಯಲ್ಲಿ ಸೆನೆಗಲ್‌ನ ನ್ಯಾಯಾಧೀಶರೊಬ್ಬರು ಹಬ್ರೆಯ ಮೇಲೆ ಆರೋಪ ಹೊರಿಸಿದರು. ಮರುವರ್ಷ ಅಲ್ಲಿನ ಉನ್ನತ ನ್ಯಾಯಾಲಯ, ಪರದೇಶದಲ್ಲಿ ನಡೆದ ಅಪರಾಧದ ಮೇಲೆ ತಮಗೆ ಅಧಿಕಾರವಿಲ್ಲವೆಂದು ಪ್ರಕರಣವನ್ನು ಕೈಬಿಟ್ಟಿತು. ಸಂತ್ರಸ್ತರು ಬೆಲ್ಜಿಯಂಗೆ ಹೋದರು. ಯಾವ ದೇಶದಲ್ಲಿ ನಡೆದ ಘೋರ ಅಪರಾಧವನ್ನೂ ವಿಚಾರಿಸಲು ಬಿಡುವ, ಅಂದರೆ ಸಾರ್ವತ್ರಿಕ ನ್ಯಾಯವ್ಯಾಪ್ತಿಯ, ತನ್ನ ಕಾನೂನನ್ನು ಬೆಲ್ಜಿಯಂ 2003ರಲ್ಲಿ ಹಿಂತೆಗೆದುಕೊಂಡಿತಾದರೂ ಈ ತನಿಖೆ ಅದಕ್ಕೆ ಮೊದಲೇ ಆರಂಭವಾಗಿದ್ದರಿಂದ ಉಳಿದುಕೊಂಡಿತು. 2005ರಲ್ಲಿ ಅಲ್ಲಿಂದ ಬಂಧನದ ವಾರಂಟ್ ಹೊರಟಿತು. ಸೆನೆಗಲ್ ಅವನನ್ನು ಒಪ್ಪಿಸಲಿಲ್ಲ. ಆಫ್ರಿಕಾದ ಪರವಾಗಿ ನೀವೇ ವಿಚಾರಣೆ ನಡೆಸಿ ಎಂದು ಆಫ್ರಿಕನ್ ಒಕ್ಕೂಟ 2006ರಲ್ಲಿ ಸೆನೆಗಲ್‌ಗೆ ಹೇಳಿತು, ವರ್ಷಗಳು ಉರುಳಿದವು. ಕೊನೆಗೆ ಬೆಲ್ಜಿಯಂ ಸೆನೆಗಲ್ಲನ್ನು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಯ ಪ್ರಕಾರ ಒಂದೋ ಅವನನ್ನು ಹಸ್ತಾಂತರಿಸಬೇಕು, ಇಲ್ಲವೇ ಇನ್ನು ತಡಮಾಡದೆ ವಿಚಾರಣೆಗೆ ಒಳಪಡಿಸಬೇಕು ಎಂದು ಆ ನ್ಯಾಯಾಲಯ 2012ರ ಜುಲೈ 20ರಂದು ತೀರ್ಪಿತ್ತಿತು.

ಬ್ರಾಡಿ ಮತ್ತು ಅವರ ಸಹೋದ್ಯೋಗಿ 2001ರಲ್ಲಿ ಎನ್‌ಜಮೇನಾದ ಪಾಳುಬಿದ್ದ ರಹಸ್ಯ ಪೊಲೀಸ್ ಕಚೇರಿಗೆ ಹೋದಾಗ ಕೋಣೆಗಳ ನೆಲದ ತುಂಬ ಧೂಳು ಹಿಡಿದ ಕಾಗದಗಳು ಚೆಲ್ಲಾಡಿದ್ದವು. ಅವು ಸಾವಿರಾರು ಕಡತಗಳು: ಬಂದಿಗಳ ದಿನವಹಿ ಪಟ್ಟಿಗಳು, ವಿಚಾರಣೆಯ ವರದಿಗಳು, ಮರಣ ಪ್ರಮಾಣಪತ್ರಗಳು. ಅವುಗಳನ್ನು ಒಂದೊಂದಾಗಿ ಓದಿ, ದತ್ತಾಂಶವಾಗಿ ಜೋಡಿಸಿದಾಗ ಸೆರೆಯಲ್ಲಿ ಸತ್ತ 1,208 ಜನರ ಹೆಸರುಗಳೂ ಒಟ್ಟು 12,321 ಸಂತ್ರಸ್ತರ ಉಲ್ಲೇಖಗಳೂ ಸಿಕ್ಕವು. ಇನ್ನೂ ಮುಖ್ಯವಾದ ಸಂಗತಿಯೆಂದರೆ, 898 ಬಂದಿಗಳ ಬಗ್ಗೆ ನೇರವಾಗಿ ಹಬ್ರೆಗೇ ಹೋಗಿದ್ದ 1,265 ಪತ್ರಗಳು ಅಲ್ಲಿದ್ದವು. ತನಗೇನೂ ತಿಳಿದಿರಲಿಲ್ಲ ಎಂದು ಹೇಳುವ ದಾರಿ ಅವನಿಗೆ ಮುಚ್ಚಿಹೋಯಿತು. ಕಚೇರಿ ನಡೆಸುವವರು ಲೆಕ್ಕ ಇಟ್ಟೇ ಇಡುತ್ತಾರೆ, ಕೊಲ್ಲುವ ಕಚೇರಿಯೂ ಅದಕ್ಕೆ ಹೊರತಲ್ಲ.

ಡಕಾರ್‌ನ ವಿಶೇಷ ನ್ಯಾಯಾಲಯದಲ್ಲಿ 2015ರ ಜುಲೈ 20ರಂದು ವಿಚಾರಣೆ ಆರಂಭವಾಯಿತು. ನ್ಯಾಯಾಲಯವನ್ನು ಒಪ್ಪುವುದಿಲ್ಲವೆಂದು ಕೂಗಾಡಿದ ಹಬ್ರೆಯನ್ನು ಕಾವಲುಗಾರರು ಹೊತ್ತು ತಂದು ಕೂರಿಸಬೇಕಾಯಿತು. ಬಿಳಿ ನಿಲುವಂಗಿ, ಮುಂಡಾಸು, ಕಪ್ಪು ಕನ್ನಡಕ ಧರಿಸಿ ತಿಂಗಳುಗಟ್ಟಲೆ ಮೌನವಾಗಿ ಕುಳಿತಿದ್ದವನ ಎದುರು ಸುಮಾರು 90 ಸಾಕ್ಷಿಗಳು ಬಂದು ಮಾತನಾಡಿದರು. 2016ರ ಮೇ 30ರಂದು ಜೀವಾವಧಿ ಶಿಕ್ಷೆಯಾಯಿತು, 2017ರ ಏಪ್ರಿಲ್‌ನಲ್ಲಿ ಮೇಲ್ಮನವಿಯಲ್ಲಿಯೂ ಶಿಕ್ಷೆ ಉಳಿಯಿತು. ಸಂತ್ರಸ್ತರಿಗೆಂದು ನ್ಯಾಯಾಲಯ ಹೇಳಿದ ಪರಿಹಾರದ ಹಣ ವರ್ಷಗಳ ಕಾಲ ಅವರ ಕೈ ಸೇರಲಿಲ್ಲ, ಕಾಯುತ್ತಲೇ ಹಲವರು ಕಣ್ಮುಚ್ಚಿದರು. ಈ ಗೆಲುವನ್ನು ಹೇಳುವಾಗ ಅದನ್ನು ಬಿಟ್ಟು ಹೇಳುವುದು ಸರಿಯಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಆ ಶಾಲೆಯ ಹಾಜರಿ ಪುಸ್ತಕದ ಸಂಗತಿ ನನಗೆ ಯಾವ ತರಗತಿಯಲ್ಲಿಯೂ ಸಿಗದ ಪಾಠ. ಆದರೆ ಇದನ್ನೆಲ್ಲ ಓದಿದ ಮೇಲೆ ಹೊಸ ಸಂದೇಹ ಹುಟ್ಟಿದೆ. ಹೊರಗಿನಿಂದ ಬರುವ ವಕೀಲರು ಕೆಲಸ ಮುಗಿಸಿ ವಿಮಾನ ಹತ್ತುತ್ತಾರೆ, ಅಲ್ಲಿಯೇ ಉಳಿಯುವ ವಕೀಲರ ಗತಿ ಏನು? ಪತ್ರಿಕೆಗಳು ಹೊರಗಿನವರ ಹೆಸರನ್ನಷ್ಟೇ ಬರೆಯುವುದು ನ್ಯಾಯವೇ?

ಉತ್ತರ 3

ನ್ಯಾಯವಲ್ಲ. ಉತ್ತರ 2 ಅಷ್ಟು ವಿವರವಾಗಿ ಬರೆದೂ ಜಾಕ್ಲಿನ್ ಮುದೇನಾ ಅವರ ಹೆಸರನ್ನು ಬಿಟ್ಟಿದೆ ಎಂಬುದನ್ನು ಗಮನಿಸಿ. ಹಬ್ರೆಯ ಸಂತ್ರಸ್ತರ ಪರ ವಕಾಲತ್ತು ವಹಿಸಿದ್ದ ಚಾಡ್‌ನ ಈ ವಕೀಲೆಯ ಮೇಲೆ 2001ರ ಜೂನ್‌ನಲ್ಲಿ ಎನ್‌ಜಮೇನಾದಲ್ಲಿ ಮಹಿಳೆಯರ ಪ್ರತಿಭಟನೆಯೊಂದರ ವೇಳೆ ಭದ್ರತಾ ಪಡೆಯವರು ಗ್ರೆನೇಡ್ ಎಸೆದರು. ಕಾಲಿಗೆ ಚೂರುಗಳು ಹೊಕ್ಕು, ಪರದೇಶದಲ್ಲಿ ದೀರ್ಘ ಚಿಕಿತ್ಸೆ ಪಡೆದು, ಅವರು ಮರಳಿ ಅದೇ ಊರಿಗೆ ಬಂದು ಅದೇ ಮೊಕದ್ದಮೆಯನ್ನು ಮುಂದುವರಿಸಿದರು.

ಮಾಲ್ಡೀವ್ಸ್‌ನ ಮಾಜಿ ಅಧ್ಯಕ್ಷ ಮೊಹಮ್ಮದ್ ನಶೀದ್ ಅವರಿಗೆ 2015ರ ಮಾರ್ಚಿನಲ್ಲಿ ಭಯೋತ್ಪಾದನೆಯ ಆರೋಪದಡಿ 13 ವರ್ಷದ ಶಿಕ್ಷೆಯಾದಾಗ ಅಮಾಲ್ ಕ್ಲೂನಿ, ಜಾರೆಡ್ ಗೆನ್ಸರ್ ಮೊದಲಾದವರು ಅವರ ಅಂತಾರಾಷ್ಟ್ರೀಯ ವಕೀಲರಾಗಿದ್ದರು. ಕ್ಲೂನಿಯವರು ರಾಜಧಾನಿ ಮಾಲೆಗೆ ಬರುವ ಕೆಲವೇ ದಿನಗಳ ಮೊದಲು, ನಶೀದ್ ಅವರ ಸ್ಥಳೀಯ ವಕೀಲರೊಬ್ಬರ ತಲೆಗೆ ಬೀದಿಯಲ್ಲಿಯೇ ಚೂರಿ ಇರಿದರು. ಬಂದವರ ಸುತ್ತ ಕ್ಯಾಮೆರಾಗಳಿದ್ದವು, ಇದ್ದವರ ಸುತ್ತ ಏನೂ ಇರಲಿಲ್ಲ.

ಚೀನಾದಲ್ಲಿ 2015ರ ಜುಲೈ 9ರಂದು ಆರಂಭವಾದ ದಾಳಿಯಲ್ಲಿ 300ಕ್ಕೂ ಹೆಚ್ಚು ವಕೀಲರು, ಅವರ ಸಹಾಯಕರು ಮತ್ತು ಹೋರಾಟಗಾರರನ್ನು ಪೊಲೀಸರು ಹಿಡಿದರು, ಇಲ್ಲವೇ ಕರೆಸಿ ವಿಚಾರಿಸಿದರು. ವಾಂಗ್ ಚ್ವಾನ್‌ಜಾಂಗ್ ಎಂಬ ವಕೀಲರು ಮೂರು ವರ್ಷಕ್ಕೂ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದರು. ಅವರ ಪತ್ನಿ ಲಿ ವೆನ್‌ಜು 2018ರ ಡಿಸೆಂಬರಿನಲ್ಲಿ ಬೀಜಿಂಗ್‌ನಲ್ಲಿ ಇನ್ನು ಮೂವರು ಮಹಿಳೆಯರೊಡನೆ ತಲೆ ಬೋಳಿಸಿಕೊಂಡರು. ಚೀನೀ ಭಾಷೆಯಲ್ಲಿ ಕೂದಲಿಲ್ಲ ಎಂಬುದೂ ಕಾನೂನಿಲ್ಲ ಎಂಬುದೂ ಹೆಚ್ಚುಕಡಿಮೆ ಒಂದೇ ರೀತಿ ಕೇಳಿಸುತ್ತವೆ. ನಾವು ಕೂದಲಿಲ್ಲದೆ ಇರಬಲ್ಲೆವು, ನೀವು ಕಾನೂನಿಲ್ಲದೆ ಇರುವಂತಿಲ್ಲ ಎಂಬುದು ಅವರ ಮಾತಿನ ತಿರುಳಾಗಿತ್ತು. ವಕೀಲರನ್ನು ಅವರ ಕಕ್ಷಿದಾರರೊಡನೆ ಸಮೀಕರಿಸಬಾರದು ಎಂದು 1990ರಲ್ಲಿ ಹವಾನಾದಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ತತ್ವಗಳು ಹೇಳುತ್ತವೆ. ಈ ಒಂದು ತತ್ವವನ್ನು ಮುರಿಯದ ಸರ್ವಾಧಿಕಾರ ನನಗೆ ಗೊತ್ತಿರುವಂತೆ ಇಲ್ಲ.

ಸ್ಥಳೀಯ, ಹೊರಗಿನ ಎಂಬ ಗೆರೆ ಅಳಿಸಿಹೋಗುವುದೂ ಉಂಟು. ಸಿರಿಯಾದ ವಕೀಲ ಅನ್ವರ್ ಅಲ್ ಬುನ್ನಿ ರಾಜಕೀಯ ಕೈದಿಗಳ ಪರ ವಾದಿಸಿದ ತಪ್ಪಿಗೆ 2006ರಿಂದ 2011ರವರೆಗೆ ಸೆರೆಯಲ್ಲಿದ್ದರು. 2014ರಲ್ಲಿ ಜರ್ಮನಿಗೆ ಬಂದು ಬರ್ಲಿನ್ನಿನ ನಿರಾಶ್ರಿತರ ವಸತಿಯೊಂದರಲ್ಲಿದ್ದಾಗ ಎದುರಿಗೆ ಕಂಡ ಒಬ್ಬನ ಮುಖ ಎಲ್ಲಿಯೋ ನೋಡಿದಂತಿತ್ತು, ಯಾರೆಂದು ನೆನಪಾಗಲಿಲ್ಲ. ಅವನೇ ತಮ್ಮನ್ನು ಬಂಧಿಸಿದ ಗುಪ್ತಚರ ಅಧಿಕಾರಿ ಅನ್ವರ್ ರಸ್ಲಾನ್ ಎಂದು ಆಮೇಲೆ ತಿಳಿಯಿತು. ಬುನ್ನಿ ಸೇಡಿಗೆ ಹೋಗಲಿಲ್ಲ, ಸಾಕ್ಷಿಗಳನ್ನು ಹುಡುಕಿದರು. ಜರ್ಮನ್ ವಕೀಲರೂ ದೇಶ ಬಿಟ್ಟುಬಂದ ಸಿರಿಯನ್ನರೂ ಕೂಡಿ ಹೆಣೆದ ಆ ಮೊಕದ್ದಮೆಯಲ್ಲಿ ಕೊಬ್ಲೆನ್ಜ್ ನಗರದ ನ್ಯಾಯಾಲಯ 2022ರ ಜನವರಿ 13ರಂದು ರಸ್ಲಾನ್‌ಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಉತ್ತರ 1 ಬರೆದವರು

ಉತ್ತರ 3ರ ಮಾತನ್ನು ಒಪ್ಪುತ್ತೇನೆ. ನಮ್ಮ ತಂಡದಲ್ಲಿ ಅರ್ಜಿಯ ಮೇಲೆ ಸ್ಥಳೀಯ ವಕೀಲರ ಹೆಸರು ಇರಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸುತ್ತಿದ್ದರು. ಬಹಳಷ್ಟು ಸಲ ಅವರು ಬೇಡವೆನ್ನುತ್ತಿದ್ದರು. ಹೆಸರಿಲ್ಲದಿರುವುದೇ ಅವರಿಗಿದ್ದ ಒಂದೇ ರಕ್ಷಣೆ. ಪತ್ರಿಕೆಗಳಲ್ಲಿ ಅವರು ಕಾಣದಿರುವುದಕ್ಕೆ ಅದೂ ಒಂದು ಕಾರಣವೆಂದು ವಿದ್ಯಾರ್ಥಿಮಿತ್ರರು ತಿಳಿದಿರಬೇಕು.

ಇನ್ನೊಂದು ಕಹಿಗೂ ಸಿದ್ಧರಾಗಿರಿ. ಮ್ಯಾನ್ಮಾರ್‌ನ ಆಂಗ್ ಸಾನ್ ಸೂ ಕಿ ಅವರ ಗೃಹಬಂಧನದ ವಿರುದ್ಧ ವಕೀಲರು ವರ್ಷಾನುಗಟ್ಟಲೆ ದುಡಿದರು, 2010ರ ನವೆಂಬರ್ 13ರಂದು ಬಿಡುಗಡೆಯೂ ಆಯಿತು. ಅದೇ ಸೂ ಕಿ 2019ರ ಡಿಸೆಂಬರಿನಲ್ಲಿ ಹೇಗ್‌ಗೆ ಹೋಗಿ, ರೋಹಿಂಗ್ಯಾ ಜನರ ಮೇಲೆ ನಡೆದ ಜನಾಂಗಹತ್ಯೆಯ ಆರೋಪದಲ್ಲಿ ತಮ್ಮ ದೇಶದ ಪರ ನಿಂತರು. 2021ರ ಫೆಬ್ರವರಿ 1ರಂದು ಸೇನೆ ಮತ್ತೆ ಅವರನ್ನು ಬಂಧಿಸಿತು. ಆ ಬಂಧನವೂ ಅಕ್ರಮವೇ. ನಾವು ಸಮರ್ಥಿಸುವುದು ಒಬ್ಬರ ಗುಣವನ್ನಲ್ಲ, ಕಾರಣವಿಲ್ಲದೆ ಯಾರನ್ನೂ ಕೂಡಿಹಾಕಬಾರದು ಎಂಬ ನಿಯಮವನ್ನು. ಹೀಗೆ ಬರೆಯುವುದು ಸುಲಭ. 2019ರ ಆ ದಿನ ಅವರ ಮಾತನ್ನು ಕೇಳುತ್ತ ಕುಳಿತಿದ್ದಾಗ ನನಗೆ ಅದು ಸುಲಭವಾಗಿರಲಿಲ್ಲ.

ಉತ್ತರ 4

ಈ ವೃತ್ತಿಯನ್ನು ಹೇಗೆ ಆರಂಭಿಸುವುದೆಂದು ನೀವು ನೇರವಾಗಿ ಕೇಳದಿದ್ದರೂ ಪ್ರಶ್ನೆಯ ಒಳಗೆ ಅದೇ ಇದೆಯೆಂದು ತಿಳಿದು ಬರೆಯುತ್ತಿದ್ದೇನೆ.

ಮೇಲೆ ಹೆಸರು ಬಂದ ಗೆನ್ಸರ್ ಇನ್ನೂ ಕಾನೂನು ವಿದ್ಯಾರ್ಥಿಯಾಗಿದ್ದಾಗಲೇ, ಬರ್ಮಾದಲ್ಲಿ ಪ್ರಜಾಪ್ರಭುತ್ವದ ಪರ ಕರಪತ್ರ ಹಂಚಿದ್ದಕ್ಕೆ 17 ವರ್ಷದ ಶಿಕ್ಷೆಗೆ ಗುರಿಯಾಗಿದ್ದ ಬ್ರಿಟಿಷ್ ಯುವಕ ಜೇಮ್ಸ್ ಮಾಡ್ಸ್ಲಿಯ ಪ್ರಕರಣವನ್ನು ಕೈಗೆತ್ತಿಕೊಂಡು ವಿಶ್ವಸಂಸ್ಥೆಯ ಅದೇ ಕಾರ್ಯಕಾರಿ ತಂಡದ ಮುಂದೆ ಒಯ್ದರು. ಮಾಡ್ಸ್ಲಿ 2000ದ ಅಕ್ಟೋಬರಿನಲ್ಲಿ ಹೊರಬಂದರು, ಮರುವರ್ಷ ಗೆನ್ಸರ್ ಇಂಥ ಕೈದಿಗಳಿಗೆಂದೇ ಸಂಸ್ಥೆಯೊಂದನ್ನು ಕಟ್ಟಿದರು. ಪದವಿ ಮುಗಿಯುವವರೆಗೆ ಕಾಯಬೇಕೆಂದೇನೂ ಇಲ್ಲ ಎಂಬುದಕ್ಕಷ್ಟೇ ಇದನ್ನು ಹೇಳಿದೆ.

ಮೊದಲು ಮಾಡಬೇಕಾದದ್ದು ಕಾರ್ಯಕಾರಿ ತಂಡದ ಅಭಿಪ್ರಾಯಗಳನ್ನು ಓದುವುದು. ಅವು ಬಹಿರಂಗವಾಗಿವೆ, ಹೆಚ್ಚಿನವು ಚಿಕ್ಕವು. ಒಂದು ದೇಶವನ್ನು ಆರಿಸಿಕೊಂಡು ಅದರ ಮೇಲಿನ ಅಭಿಪ್ರಾಯಗಳನ್ನೆಲ್ಲ ಕಾಲಾನುಕ್ರಮದಲ್ಲಿ ಓದಿದರೆ ಆ ಸರ್ಕಾರದ ಉತ್ತರಗಳ ಧಾಟಿ ತಿಳಿಯುತ್ತದೆ: ಮೊದಲು ಮೌನ, ಆಮೇಲೆ ನಿರಾಕರಣೆ, ಆಮೇಲೆ ಕಾನೂನಿನ ಕಲಮುಗಳ ಉದ್ದನೆಯ ಪಟ್ಟಿ. ಜೊತೆಗೆ ಆ ದೇಶದ ಭಾಷೆಯನ್ನು ಕಲಿಯಿರಿ. ಅನುವಾದಕರ ಮೂಲಕ ಕೇಳಿದ ಸಾಕ್ಷ್ಯದಲ್ಲಿ ಸಂಗತಿಗಳು ಉಳಿಯುತ್ತವೆ, ಹಿಂಜರಿಕೆಗಳು ಉಳಿಯುವುದಿಲ್ಲ. ಸಾಕ್ಷಿ ಎಲ್ಲಿ ತಡವರಿಸಿದರು ಎಂಬುದು ಅನೇಕ ಸಲ ಅವರು ಹೇಳಿದ್ದಕ್ಕಿಂತ ಮುಖ್ಯವಾಗಿರುತ್ತದೆ.

ಹಣದ ವಿಷಯದಲ್ಲಿ ಪ್ರಾಮಾಣಿಕವಾಗಿ ಹೇಳುವುದಾದರೆ, ಸೆರೆಯಾಳುಗಳ ಪರ ವಾದಿಸಿಯೇ ಹೊಟ್ಟೆ ಹೊರೆಯುವವರು ಕಡಿಮೆ. ಬೋಧನೆ, ಸಂಶೋಧನೆ ಅಥವಾ ಬೇರೆ ವಕೀಲಿಕೆಯಿಂದ ಬದುಕು ಸಾಗಿಸಿಕೊಂಡು, ಉಳಿದ ಹೊತ್ತಿನಲ್ಲಿ ಇದನ್ನು ಮಾಡುವವರೇ ಹೆಚ್ಚು.

ಕೊನೆಯದಾಗಿ, ಸಾಕ್ಷ್ಯ ಬರೆದುಕೊಳ್ಳುವ ಬಗ್ಗೆ ಒಂದು ಮಾತು. ನಾನು ಮೊದಲ ಬಾರಿ ಚಿತ್ರಹಿಂಸೆ ಅನುಭವಿಸಿದವರೊಬ್ಬರ ಎದುರು ಕುಳಿತಾಗ ನನ್ನ ಪ್ರಶ್ನಾವಳಿಯಲ್ಲಿ 40 ಪ್ರಶ್ನೆಗಳಿದ್ದವು. ನಾಲ್ಕನೆಯ ಪ್ರಶ್ನೆಗೆ ಅವರು ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ನಾನು ಪುಸ್ತಕ ಮುಚ್ಚಿದೆ. ನಮ್ಮ ತಂಡದ ಹಿರಿಯರು ಆಮೇಲೆ ಕಲಿಸಿದ್ದು ಇಷ್ಟು: ಕುರ್ಚಿಯನ್ನು ಬಾಗಿಲಿಗೆ ಅಡ್ಡವಾಗಿ ಇಡಬೇಡ, ಅವರಿಗೆ ಬೇಕೆನಿಸಿದಾಗ ಎದ್ದು ಹೋಗಲು ದಾರಿ ತೆರೆದಿರಲಿ; ಬೆಳಕನ್ನು ಅವರ ಮುಖಕ್ಕೆ ಬಿಡಬೇಡ; ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಮೂರು ಸಲ ಕೇಳಬೇಡ, ಒಳಗೆ ಅವರನ್ನು ವಿಚಾರಣೆ ಮಾಡಿದವರು ಕೇಳಿದ್ದು ಹಾಗೆಯೇ. ಅವರು ಮರುವಾರ ತಾವಾಗಿಯೇ ಬಂದರು, ಐದನೆಯ ಪ್ರಶ್ನೆಯಿಂದ ಆರಂಭಿಸಿ ಎಂದರು.